ನಾಲ್ಕು ಸೀಟಿನ ಗಾಡಿ, ಒಂದು ಸುಳ್ಳು ನಾಲಿಗೆ

ನೆಲ್ಡಾ ಟಾರ್ಗರ್ಸನ್ ಬಲಗೈಯ ಕಥೆ ಕೋವ್ ಬೆಂಚ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುತ್ತಿದ್ದವನು ಅವಳ ಗಂಡ ಡೆಲ್. ಚರ್ಚಿನ ಊಟದ ಹೊತ್ತಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕೋವಿಯ ತೋಟಾ ಮಾರುವ ಅಂಗಡಿಯ ಕೌಂಟರಿನ ಮುಂದೆ, ಕೇಳುವ ಕಿವಿ ಸಿಕ್ಕಲ್ಲೆಲ್ಲ ಹೇಳುತ್ತಿದ್ದ.

"ಗಾಡಿ ಮಗುಚ್ತಾ ಇದೆ. ಇವ್ಳು ಏನ್ ಮಾಡಿದ್ಲು ಗೊತ್ತಾ? ಕೈ ಹೊರಗೆ ಚಾಚಿದ್ಲು! ಗುಡ್ಡ ಮೇಲೆ ಬೀಳದ ಹಾಗೆ ತಡೆಯಕ್ಕೆ!"

ಎಲ್ಲರೂ ನಗುತ್ತಿದ್ದರು. ನೆಲ್ಡಾಳೂ ನಗಬೇಕಿತ್ತು. ಗುಡ್ಡವೇನೋ ಬೀಳಲಿಲ್ಲ. ಗುಡ್ಡ ಹತ್ತುವ ಆ ತೆರೆದ ಗಾಡಿಯ ಕಬ್ಬಿಣದ ಪಂಜರದ ಸರಳಿಗೂ ಬಂಡೆಗೂ ನಡುವೆ ಸಿಕ್ಕ ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು.

ಡೆಲ್ ಹೇಳದೆ ಬಿಡುತ್ತಿದ್ದದ್ದು ಬಹಳ ಇರಲಿಲ್ಲ. ಅವತ್ತು ಬುತ್ತಿಯ ಸ್ಯಾಂಡ್‌ವಿಚ್‌ಗೆ ನೆಲ್ಡಾ ಸಾಸಿವೆ ಸವರಿರಲಿಲ್ಲ. ಡೆಲ್ ಎಡಗೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಬಲಗೈಯ ಹಿಂಬದಿಯಿಂದ ಅವಳ ಮುಖಕ್ಕೆ ಬಾರಿಸಿದ್ದ, ಒಂದು ಸಲ, ಇನ್ನೊಂದು ಸಲ. ಮೂರನೆಯದನ್ನು ತಪ್ಪಿಸಿಕೊಳ್ಳಲು ಅವಳು ಹೊರಗಿನ ಸರಳು ಹಿಡಿದು ಆದಷ್ಟೂ ಆಚೆಗೆ ವಾಲಿದ್ದಳು. ಅವಳ ಮುಖದ ಕಡೆ ನೋಡುತ್ತಿದ್ದ ಡೆಲ್‌ಗೆ ಎದುರಿನ ಬಂಡೆ ಕಾಣಲಿಲ್ಲ.

ಆ ವಾರ ಚರ್ಚಿನ ಹೆಂಗಸರು ಚೀಸ್ ಹಾಕಿ ಸುಟ್ಟ ಆಲೂಗಡ್ಡೆಯನ್ನು, ಆ ಊರಲ್ಲಿ ಸಾವಿನ ಮನೆಗೆ ಒಯ್ಯುವ ಅದೇ ಆಲೂಗಡ್ಡೆಯನ್ನು, ಗಾಜಿನ ತಟ್ಟೆಗಳಲ್ಲಿ ತಂದು ಮೇಜಿನ ತುಂಬ ಇಟ್ಟರು. ತಿಂದವನು ಡೆಲ್. ತಟ್ಟೆಗಳನ್ನು ತೊಳೆದು, ಅಡಿಯಲ್ಲಿ ಅಂಟಿಸಿದ ಹೆಸರು ನೋಡಿ, ಮನೆಮನೆಗೆ ಹಿಂದಿರುಗಿಸಿ ಬಂದವಳು ಬ್ಯಾಂಡೇಜು ಸುತ್ತಿದ ಕೈಯ ನೆಲ್ಡಾ.

ಅವಳು ಹುಟ್ಟಿದ್ದು ಟರ್ಕಿ ಕೋಳಿ ಸಾಕುವವರ ಮನೆಯಲ್ಲಿ, ಒಂಬತ್ತು ಮಕ್ಕಳಲ್ಲಿ ಎರಡನೆಯವಳಾಗಿ. ಮೊದಲನೆಯದು ಗಂಡು. ಹಾಗಾಗಿ ಎರಡನೆಯವಳು ಅಂದರೆ ಉಳಿದ ಏಳಕ್ಕೂ ತಾಯಿ. ಶಾಲೆ ಮುಗಿದದ್ದೇ ತಡ ಕೋಳಿ ಕಾರ್ಖಾನೆ ಸೇರಿದಳು. ಕಾಲು ಮೇಲೆ ತಲೆ ಕೆಳಗೆ ನೇತಾಡುತ್ತ ಬರುವ ಹಕ್ಕಿಗಳ ಹೊಟ್ಟೆ ಸೀಳಿ ಕರುಳು ತೆಗೆಯುವ ಸಾಲಿನಲ್ಲಿ ನಿಂತಳು. ಕಲ್ಲಿದ್ದಲ ಲಾರಿ ಓಡಿಸುತ್ತಿದ್ದ ಡೆಲ್‌ನನ್ನು ಮದುವೆಯಾದ ಮೇಲೂ ನಿಂತಳು. ಸಂಜೆ ಮನೆಗೆ ಬಂದು ಕೈ ಎಷ್ಟು ತಿಕ್ಕಿ ತೊಳೆದರೂ ರೊಟ್ಟಿಯ ಹಿಟ್ಟಿಗೆ ಆ ವಾಸನೆ ಹತ್ತುತ್ತಿತ್ತು. ಹತ್ತಿದ್ದಕ್ಕೆ ಡೆಲ್ ತಟ್ಟೆ ಎಸೆಯುತ್ತಿದ್ದ. ಒಂದು ಸಲ ಅಡುಗೆಮನೆ ಕಪಾಟಿನ ಬಾಗಿಲನ್ನು ಅವಳ ಪಕ್ಕೆಗೆ ಬೀಸಿ ಮೂಳೆ ಮುರಿದ. ಆಸ್ಪತ್ರೆಯಲ್ಲಿ "ಬಿದ್ದೆ" ಅಂದಳು. ಚರ್ಚಿನ ಬಿಷಪ್ ಮನೆಗೇ ಬಂದು, ಆ ಚರ್ಚಿನ ಹೆಂಗಸರನ್ನೆಲ್ಲ ಕರೆಯುವ ಹಾಗೆ, "ಸಿಸ್ಟರ್ ಟಾರ್ಗರ್ಸನ್, ದುಡಿದು ದಣಿದು ಬರೋ ಗಂಡಸಿಗೆ ಮನೇಲಿ ಒಂದು ಮೆದು ಮಾತು ಸಿಕ್ಕಿದ್ರೆ ಎಷ್ಟೋ ಸರಿ ಹೋಗತ್ತೆ" ಅಂದ. ದುಡಿದು ದಣಿದು ಬಂದ ಹೆಂಗಸಿಗೆ ಏನು ಸಿಗಬೇಕು ಅಂತ ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಬೆರಳು ಹೋದ ಮೇಲೆ ಕಾರ್ಖಾನೆಯವರು ಅವಳನ್ನು ಮನೆಗೆ ಕಳಿಸಿದರು. ನೆಲ್ಡಾ ಎಡಗೈಗೆ ಚಾಕು ಕಲಿಸಿದಳು. ಅಕ್ಟೋಬರ್ ಬಂತೆಂದರೆ ಊರಿನ ಗಂಡಸರು ಹೊಡೆದ ಜಿಂಕೆಗಳು ಅವಳ ಗ್ಯಾರೇಜಿನ ಕೊಕ್ಕೆಗೆ ಬರುತ್ತಿದ್ದವು. ಚರ್ಮ ಸುಲಿಯುವುದು, ಮೂಳೆ ಬಿಡಿಸುವುದು, ಮಾಂಸ ಕಟ್ಟುವುದು, ನೆಲ ತೊಳೆಯುವುದು, ಎಲ್ಲ ಅವಳದೇ. ಬೇಟೆ ಮಾತ್ರ ಗಂಡಸರದ್ದು.

ಮಗುಚಿದ ಆ ಎರಡು ಸೀಟಿನ ಗಾಡಿ ಗುಜರಿಗೆ ಹೋಯಿತು. ಡೆಲ್ ವರ್ಷವಿಡೀ ಹೆಂಡತಿಯ ಮೇಲೆ ಕೈ ಮಾಡಲಿಲ್ಲ. ಅಪಘಾತ ಅವನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಜನ ಆಡಿಕೊಂಡರು. ಆಮೇಲೆ ಈ ಬೇಸಿಗೆ ಹೊಸದು ಬಂತು.

ಸೈಡ್ ಬೈ ಸೈಡ್ ಅನ್ನುತ್ತಾರೆ ಅದಕ್ಕೆ. ಪಕ್ಕಪಕ್ಕದಲ್ಲಿ ಕೂತು ಗುಡ್ಡ ಹತ್ತುವ ಗಾಡಿ. ಇದು ನಾಲ್ಕು ಸೀಟಿನದು, ಕಿತ್ತಳೆ ಬಣ್ಣದ್ದು. ಮೇಲೆ ಕಬ್ಬಿಣದ ಪಂಜರ, ಸೊಂಟದ ಮಟ್ಟಕ್ಕೆ ಅರ್ಧ ಬಾಗಿಲು, ಅದರ ಮೇಲೆ ಬರೀ ಗಾಳಿ. ತಂದ ಮೂರನೇ ದಿನ ಬಾಗಿಲ ಮೇಲೆ ಗೀರು ಕಂಡಿತು ಎಂದು ಡೆಲ್ ನೆಲ್ಡಾಳ ಕೂದಲು ಹಿಡಿದು ಅವಳ ಮುಖವನ್ನು ಆ ಗೀರಿನ ಹತ್ತಿರಕ್ಕೆ ಒಯ್ದು ತೋರಿಸಿದ. ಗೀರಿನ ಮೇಲೆ ಅವಳ ಮೂಗಿನ ರಕ್ತ ಬಿತ್ತು. ಅದನ್ನೂ ಅವಳೇ ಒರೆಸಿದಳು.

ನಾಲ್ಕು ಸೀಟಿನ ಲೆಕ್ಕ ಗ್ಯಾರೇಜಿನಲ್ಲೇ ನಿರ್ಧಾರವಾಯಿತು. ಡೆಲ್‌ನ ತಮ್ಮ ರೂಲನ್ ಬಿಯರ್ ಡಬ್ಬಿ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ರೂಲನ್ ಜೋರು ಬಾಯಿಯವನಲ್ಲ, ಕೈ ಮಾಡುವವನೂ ಅಲ್ಲ. ಅಣ್ಣ ನಕ್ಕರೆ ನಗುವವನು, ಅಷ್ಟೆ.

"ಮುಂದೆ ನಾನು, ನನ್ ಪಕ್ಕ ನೀನು" ಅಂದ ಡೆಲ್. "ಹಿಂದೆ ಐಸ್ ಪೆಟ್ಟಿಗೆ."

"ಇನ್ನೊಂದು ಸೀಟು?"

"ಬ್ರಿನ್ಲಿಗೆ. ಈ ಸಲ ಬೇಟೆ ಶುರುವಾಗೋ ದಿನ ಕರ್ಕೊಂಡ್ ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ."

ಬ್ರಿನ್ಲಿ ಅವರ ಮೊಮ್ಮಗಳು, ಮಗಳು ಶಾನಾಳ ಮಗಳು, ಏಳು ವರ್ಷದವಳು. ಶಾನಾ ವೃದ್ಧಾಶ್ರಮದಲ್ಲಿ ಪಾಳಿಯ ಕೆಲಸಕ್ಕೆ ಹೋದಾಗಲೆಲ್ಲ ಹುಡುಗಿ ಇಲ್ಲೇ ಇರುತ್ತಿದ್ದಳು. ತಾತ ಮಾತು ಕೊಟ್ಟ ದಿನದಿಂದ ಕಿತ್ತಳೆ ಬಣ್ಣದ ಟೋಪಿ ತೆಗೆಯದೆ ಮಲಗುತ್ತಿದ್ದಳು.

ನೆಲ್ಡಾ ಫ್ರೀಜರಿನಲ್ಲಿ ಜಾಗ ಮಾಡುತ್ತಿದ್ದವಳು ತಿರುಗಿ ನೋಡಿದಳು.

ಅಣ್ಣತಮ್ಮಂದಿರು ಗಾಡಿಗೆ ಏನೇನು ಹಾಕಿಸಬೇಕು ಅನ್ನುವ ಚರ್ಚೆಗೆ ಇಳಿದಿದ್ದರು. ಇದು ಆ ಊರಿನ ಗಂಡಸರಿಗೆ ಮದುವೆ ಮಾತುಕತೆಯಷ್ಟೇ ಸಂಭ್ರಮದ್ದು. ಟೈರು ಇನ್ನೂ ದೊಡ್ಡದಿರಬೇಕು ಎಂದ ರೂಲನ್. ಕೆಸರಲ್ಲಿ ಹೂತರೆ ಎಳೆಯಲು ಮುಂದೆ ತಂತಿ ರಾಟೆ ಬೇಕೇ ಬೇಕು ಎಂದ ಡೆಲ್. ಮಾಡಿನ ಮೇಲೆ ಉದ್ದಕ್ಕೂ ದೀಪದ ಸಾಲು. ಆಮೇಲೆ ಸ್ಪೀಕರು.

"ಸ್ಪೀಕರ್ ಹಾಕ್ಕೊಂಡ್ ಹೋದ್ರೆ ಜಿಂಕೆ ಓಡಿ ಹೋಗಲ್ವಾ?" ರೂಲನ್ ಕೇಳಿದ.

"ಓಡೋ ಜಿಂಕೆ ಹೊಡಿಯೋದ್ರಲ್ಲೇ ಮಜಾ ಇರೋದು."

"ಹಿಂದಿನ ಸೀಟಿಗೆ ನಾಲ್ಕು ಪಟ್ಟಿ ಬೆಲ್ಟ್ ಹಾಕ್ಸಿ" ಎಂದಳು ನೆಲ್ಡಾ. "ಎರಡೂ ಭುಜದ ಮೇಲಿಂದ ಬರತ್ತಲ್ಲ, ಅದು. ಮತ್ತೆ ಬಾಗಿಲ ಮೇಲೆ ಬಲೆ."

ಡೆಲ್ ತಮ್ಮನ ಕಡೆ ನೋಡಿ ಕಣ್ಣು ಹೊಡೆದ. "ಗುಡ್ಡ ತಡೆಯೋ ಕೈ ಇರೋರಿಗೆ ಬಲೆ ಬೇಕಾಗತ್ತೆ. ನೀನು ಬರ್ತಾ ಇಲ್ವಲ್ಲೇ!"

ರೂಲನ್ ನಕ್ಕ.

"ಅವಳು ಚಿಕ್ಕವಳು ಡೆಲ್. ಕಾಲು ನೆಲಕ್ಕೆ ಮುಟ್ಟಲ್ಲ. ಬೆಲ್ಟು ಎದೆ ಮೇಲೆ ಬರಲ್ಲ, ಕುತ್ತಿಗೆಗೆ ಬರತ್ತೆ. ನಾನು ಕೂರ್ಸಿ ನೋಡಿದೀನಿ."

ನಿಜಕ್ಕೂ ನೋಡಿದ್ದಳು. ಗಾಡಿ ತೊಳೆಯುವವಳು ಅವಳು. ಸೀಟಿನ ಅಡಿಯ ಕೊಂಡಿ ಎಳೆದು, ಸೀಟು ಎತ್ತಿ, ಕೆಸರು ಬಳಿದು ಮತ್ತೆ ಕೂರಿಸುವವಳು ಅವಳು. ತೊಳೆದಾದ ಮೇಲೆ ನಾಲ್ಕೂ ಸೀಟಿನಲ್ಲಿ ಒಂದೊಂದಾಗಿ ಕೂತು, ಕೈ ಚಾಚಿ, ತಲೆ ವಾಲಿಸಿ, ಯಾವುದು ಎಲ್ಲಿ ತಾಗುತ್ತದೆ ಎಂದು ನೋಡಿದ್ದಳು. ಬ್ರಿನ್ಲಿಯನ್ನು ಕೂರಿಸಿದಾಗ ಪಟ್ಟಿ ಸರಿಯಾಗಿ ಕೊರಳ ನರದ ಮೇಲೆ ಬಂದಿತ್ತು. ಕಾರ್ಖಾನೆಯಲ್ಲಿ ಅವಳು ನಿಲ್ಲುತ್ತಿದ್ದ ಜಾಗಕ್ಕಿಂತ ಮುಂಚೆ, ಹಕ್ಕಿಗಳ ಕೊರಳು ಕುಯ್ಯುವ ಯಂತ್ರದ ಅಲಗೂ ಅಲ್ಲೇ ಬರುತ್ತಿತ್ತು.

"ಹೊಸ ಗಾಡೀಲಿ ಎಲ್ಲಾ ಇದೆ ಕಣೇ. ಬೆಲ್ಟ್ ಹಾಕ್ಲಿಲ್ಲ ಅಂದ್ರೆ ಗಾಡಿ ಓಡೋದೇ ಇಲ್ಲ, ಆಮೆ ಹಾಗೆ ತೆವಳತ್ತೆ. ಕಂಪನಿಯೋರು ನಿನಗಿಂತ ಬುದ್ಧಿವಂತರು."

"ಹಾಗಿದ್ರೆ ಒಂದು ಮೂಟೆ ಕಟ್ಕೊಂಡ್ ಹೋಗ್ ಬಾ."

ಹುಡುಗಿಯ ತೂಕದಷ್ಟು ಆಲೂಗಡ್ಡೆ ಮೂಟೆಯನ್ನು ನೆಲ್ಡಾ ತಾನೇ ಹೊತ್ತು ತಂದು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. ರೂಲನ್ ಅದಕ್ಕೊಂದು ಟೋಪಿ ಹಾಕಿ ಸಲಾಂ ಹೊಡೆದ. ಅಣ್ಣತಮ್ಮಂದಿರು ಕೇಕೆ ಹಾಕುತ್ತ ಮನೆಯ ಹಿಂದಿನ ಕುರುಚಲು ಬಯಲಿಗೆ ಗಾಡಿ ನುಗ್ಗಿಸಿದರು. ಸ್ವಲ್ಪ ಹೊತ್ತಿಗೆ ಧೂಳೆಬ್ಬಿಸಿಕೊಂಡು ತಿರುಗಿ ಬಂದರು.

ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿದ ಹಾಗೇ ಇತ್ತು. ಮೂಟೆ ಇರಲಿಲ್ಲ.

"ಆಲೂಗಡ್ಡೆಗೆ ಗಟ್ಟಿ ಹಿಡ್ಕೊಳೋ ಬುದ್ಧಿ ಇಲ್ಲ" ಎಂದ ಡೆಲ್. ರೂಲನ್ ಈ ಸಲ ನಗುವುದು ಸ್ವಲ್ಪ ತಡವಾಯಿತು, ಆದರೂ ನಕ್ಕ.

ನೆಲ್ಡಾ ಬಯಲಿಗೆ ಹೋಗಿ ಹುಡುಕಿದಳು. ಮೂಟೆ ಕಲ್ಲಿಗೆ ಬಡಿದು ಒಡೆದಿತ್ತು. ಆಲೂಗಡ್ಡೆ ಕೆಲವು ಚಪ್ಪಟೆಯಾಗಿ, ಕೆಲವು ಸೀಳಿ, ಬಿಳಿಯ ಒಳಗು ಧೂಳಲ್ಲಿ ತೆರೆದುಕೊಂಡು ಬಿದ್ದಿದ್ದವು. ಸೆರಗಿಲ್ಲದ ದೇಶದಲ್ಲಿ ಏಪ್ರನ್ನೇ ಸೆರಗು. ಅದರಲ್ಲಿ ತುಂಬಿಕೊಂಡು ಬಂದು, ಜಜ್ಜಿದ ಭಾಗ ಕೆತ್ತಿ ಹಾಕಿ, ರಾತ್ರಿಯ ಅಡುಗೆಗೆ ಬೇಯಿಸಿದಳು.

ಮರುದಿನ ಪೇಟೆಯ ಅಂಗಡಿಗೆ ಫೋನ್ ಮಾಡಿ, ಮಾಂಸ ಕುಯ್ದ ತನ್ನ ಸಂಪಾದನೆಯಿಂದ, ಮಕ್ಕಳ ಅಳತೆಯ ನಾಲ್ಕು ಪಟ್ಟಿ ಬೆಲ್ಟು, ಬಾಗಿಲ ಬಲೆ ತರಿಸಲು ಹೇಳಿದಳು. ಶಾನಾಗೂ ಹೇಳಿ ನೋಡಿದಳು. ಶಾನಾ ಬಾಗಿಲಲ್ಲೇ ನಿಂತು ಶೂ ಹಾಕಿಕೊಳ್ಳುತ್ತ, "ಅಮ್ಮಾ, ನಾವೆಲ್ಲ ಅಪ್ಪನ ಪಿಕಪ್ ಹಿಂದೆ ನಿಂತ್ಕೊಂಡೇ ಬೆಳೆದ್ವಿ. ಬೇಡ ಅಂದ್ರೆ ಅವ್ಳು ನನ್ನ ಪ್ರಾಣ ತಿಂತಾಳೆ. ನನಗೆ ಪಾಳಿಗೆ ಹೊತ್ತಾಯ್ತು" ಅಂದಳು. ಪಿಕಪ್ಪಿನ ಹಿಂದಿನಿಂದ ಬಿದ್ದು ಶಾನಾಳ ಗಲ್ಲ ಸೀಳಿದ್ದು, ಆ ಹೊಲಿಗೆಯ ಗುರುತು ಈಗಲೂ ಇರುವುದು ಇಬ್ಬರಿಗೂ ಗೊತ್ತಿತ್ತು.

ಅಂಗಡಿಯಿಂದ ಪೆಟ್ಟಿಗೆ ಬಂದ ದಿನ ನೆಲ್ಡಾ ಮನೆಯಲ್ಲಿರಲಿಲ್ಲ. ಸಂಜೆ ವಾಪಸಾದಾಗ ಗ್ಯಾರೇಜಿನ ಗೋಡೆ ಅದುರುವಂತೆ ಹಾಡು ಬರುತ್ತಿತ್ತು. ಡೆಲ್ ಪೆಟ್ಟಿಗೆಯನ್ನು ಹಿಂದಿರುಗಿಸಿ ಅದರ ಬದಲಿಗೆ ಸ್ಪೀಕರು ತಂದಿದ್ದ. ಬೆಲ್ಟು ಬರಬೇಕಿದ್ದ ಸೀಟಿನ ಹಿಂದೆಯೇ, ಹುಡುಗಿಯ ತಲೆಯ ಎರಡೂ ಪಕ್ಕಕ್ಕೆ, ತಟ್ಟೆಯಷ್ಟಗಲದ ಎರಡು ಸ್ಪೀಕರು ಕೂತಿದ್ದವು.

ಹಾಡಿನ ಅಬ್ಬರದಲ್ಲಿ ಅವಳ ಮಾತು ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಡೆಲ್ ಪ್ರಯತ್ನವನ್ನೂ ಪಡಲಿಲ್ಲ.

ಬೇಟೆಯ ಹಿಂದಿನ ದಿನ ಶುಕ್ರವಾರ. ಆ ಕಣಿವೆಯಲ್ಲಿ ಅವತ್ತು ಶಾಲೆಗೆ ಜಿಂಕೆ ರಜೆ. ಮೇಷ್ಟ್ರುಗಳೂ ಗುಡ್ಡ ಹತ್ತುವವರೇ. ಶಾನಾ ಬೆಳಿಗ್ಗೆಯೇ ಬ್ರಿನ್ಲಿಯನ್ನು ಬಿಟ್ಟುಹೋಗಿದ್ದಳು. ನೆಲ್ಡಾಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಡೆಲ್‌ನ ಬೇಟೆಯ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಬೇರೆಯೇ ಹಗ್ಗದ ಮೇಲೆ ಒಣಹಾಕಬೇಕು; ಮನುಷ್ಯರ ವಾಸನೆ ಜಿಂಕೆಗೆ ಬರಬಾರದು. ಬುತ್ತಿ, ಗ್ಯಾರೇಜಿನ ಮೇಜು, ಕೊಕ್ಕೆ, ಕಾಗದದ ಸುರುಳಿ, ಚಾಕು ಮಸೆಯುವುದು.

ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಇಂಜಿನಿನ ಅರಚಾಟ ಕೇಳಿತು. ಡೆಲ್ ಹುಡುಗಿಯನ್ನು ಕೂರಿಸಿಕೊಂಡು ಬಯಲಿನಲ್ಲಿ ಪೂರ್ತಿ ವೇಗದಲ್ಲಿ ಸುತ್ತು ಹೊಡೆಯುತ್ತಿದ್ದ. ಗಾಡಿ ದಿಬ್ಬ ಹಾರಿತು. ಹಿಂದಿನ ಸೀಟಿನಿಂದ ಕಿತ್ತಳೆ ಟೋಪಿ ಪಂಜರದ ಮಾಡಿನವರೆಗೂ ಮೇಲೆದ್ದದ್ದನ್ನು ನೆಲ್ಡಾ ಕಣ್ಣಾರೆ ಕಂಡಳು. ಎದ್ದದ್ದು ಟೋಪಿ ಮಾತ್ರವಲ್ಲ.

ಅವಳು ಓಡಿದಳು. ಗಾಡಿ ಗ್ಯಾರೇಜಿನ ಮುಂದೆ ಬಂದು ನಿಲ್ಲುವುದಕ್ಕೂ ಅವಳು ತಲುಪುವುದಕ್ಕೂ ಸರಿಹೋಯಿತು. ಬ್ರಿನ್ಲಿಯ ಕೆಳತುಟಿ ಸೀಳಿ ರಕ್ತ ಗಲ್ಲದ ಮೇಲೆ ಇಳಿಯುತ್ತಿತ್ತು. ಸರಳಿಗೆ ಬಡಿದಿತ್ತು. ಹುಡುಗಿ ಅಳುತ್ತಿರಲಿಲ್ಲ. ಅಳದೇ ಇರುವುದಕ್ಕೆ ತುಂಬ ಕಷ್ಟಪಡುತ್ತಿದ್ದಳು.

"ಬೇಟೆಗಾರ್ತಿ ಕಣೇ ಇವ್ಳು!" ಎಂದ ಡೆಲ್. "ನೋಡು, ಒಂದು ಹನಿ ಕಣ್ಣೀರಿಲ್ಲ. ನಿನ್ನ ಹಾಗಲ್ಲ."

"ಬೆಲ್ಟ್ ಯಾಕೆ ಹಾಕ್ಲಿಲ್ಲ ಪುಟ್ಟಿ?"

"ಹಾಕಿದೀನಿ ಅಜ್ಜಿ" ಎಂದಳು ಬ್ರಿನ್ಲಿ. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು. "ನೋಡು. ತಾತನ ಹಾಗೇ ಹಾಕಿದೀನಿ."

ಸೀಟಿನ ಪಕ್ಕದ ಬಕಲಿನಲ್ಲಿ ಒಂದು ತಗಡಿನ ನಾಲಿಗೆ ಸಿಕ್ಕಿಸಿತ್ತು. ಬೆಲ್ಟಿನ ತುದಿಯಲ್ಲಿ ಇರುತ್ತದಲ್ಲ, ಹಾಗೆಯೇ. ಬೆಲ್ಟು ಮಾತ್ರ ಇರಲಿಲ್ಲ. ಬರೀ ನಾಲಿಗೆ, ಅದಕ್ಕೊಂದು ಗುಲಾಬಿ ಬಣ್ಣದ ಹಿಡಿ. ಡೆಲ್‌ನ ಬಕಲಿನಲ್ಲೂ ಒಂದಿತ್ತು, ಕಪ್ಪು ಹಿಡಿಯದು.

ಊರಿನ ಗಂಡಸರು ಅದಕ್ಕೆ 'ಸುಳ್ಳ' ಅಂತ ಹೆಸರಿಟ್ಟಿದ್ದರು. ಕೋವಿ ಹಿಡಿದು ಹತ್ತಿ ಇಳಿದು ಮಾಡುವವರಿಗೆ ಬೆಲ್ಟು ರಗಳೆ. ಹಾಕದಿದ್ದರೆ ಗಾಡಿ ಓಡುವುದಿಲ್ಲ. ಸುಳ್ಳನನ್ನು ಸಿಕ್ಕಿಸಿದರೆ ಇವನು ಬೆಲ್ಟು ಹಾಕಿದ್ದಾನೆ ಎಂದು ಗಾಡಿ ನಂಬಿ ಓಡುತ್ತದೆ. ಹಿಂದಿನ ಸೀಟಿಗೆ ಅದರ ಅಗತ್ಯವೇ ಇಲ್ಲ. ಆದರೆ ಹುಡುಗಿ ತನಗೂ ಒಂದು ಬೇಕೆಂದು ಹಟ ಹಿಡಿದಿದ್ದಳು, ರೂಲನ್ ಚಿಕ್ಕತಾತ ತಂದುಕೊಟ್ಟಿದ್ದ. ಟಕ್ ಅಂತ ಸದ್ದಾದರೆ ಬೆಲ್ಟು ಹಾಕಿದ ಹಾಗೆ ಎಂದು ಅವಳು ಕಲಿತಿದ್ದಳು. ಗಾಡಿ ನಂಬಿದ ಸುಳ್ಳನ್ನು ಮಗುವೂ ನಂಬಿತ್ತು.

ನೆಲ್ಡಾ ಅದನ್ನು ಕಿತ್ತು ಡೆಲ್‌ನ ಮುಖದ ಮುಂದೆ ಹಿಡಿದಳು. "ಇದನ್ನ ಕಲಿಸಿದ್ಯಾ ಅವಳಿಗೆ?"

"ಆಟದ ಸಾಮಾನು ಕಣೇ."

"ನಾಳೆ ಅವಳು ಬರಲ್ಲ."

ಡೆಲ್ ನಗುತ್ತಲೇ ಅವಳ ದವಡೆ ಹಿಡಿದ. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ. ಒಳಗಿನ ಹಲ್ಲು ಕೆನ್ನೆಯ ಮಾಂಸಕ್ಕೆ ಇಳಿಯುವವರೆಗೂ ಒತ್ತಿದ. ಹುಡುಗಿ ನೋಡುತ್ತಿದ್ದಳು.

"ನಾಳೆ ಅವಳು ಬರ್ತಾಳೆ. ಆ ಸೀಟಲ್ಲೇ ಕೂರ್ತಾಳೆ. ಇನ್ನೊಂದ್ ಮಾತಾಡಿದ್ರೆ ಉಳಿದಿರೋ ಎರಡು ಬೆರಳನ್ನೂ ಬಾಗಿಲಿಗೆ ಕೊಟ್ಟು ಜಜ್ಜಿ ಹಾಕ್ತೀನಿ. ತಿಳೀತಾ?"

ಬಿಟ್ಟ. ಆಮೇಲೆ ಏನೂ ಆಗಿಲ್ಲವೆಂಬ ಹಾಗೆ ರೂಲನ್‌ನನ್ನು ಕೂಗಿ ಕರೆದು, ಐಸು, ತೋಟಾ ತರಲು ಪಿಕಪ್ಪಿನಲ್ಲಿ ಪೇಟೆಗೆ ಹೊರಟ.

ನೆಲ್ಡಾ ಹುಡುಗಿಯ ತುಟಿಗೆ ಐಸು ಒತ್ತಿ, ಟಿವಿ ಹಾಕಿ ಕೂರಿಸಿದಳು. ಬಾಯಲ್ಲಿದ್ದ ರಕ್ತವನ್ನು ಸಿಂಕಿಗೆ ಉಗಿದಳು. ಶಾನಾಗೆ ಫೋನ್ ಮಾಡಿದಳು, ಪಾಳಿಯಲ್ಲಿದ್ದವಳು ಎತ್ತಲಿಲ್ಲ. ಬೆಲ್ಟು ಮತ್ತೆ ತರಿಸಲು ಹೊತ್ತಿಲ್ಲ. ಕೀಲಿ ಬಚ್ಚಿಟ್ಟರೆ ಡೆಲ್ ಹತ್ತಿರ ಇನ್ನೊಂದಿದೆ. ಟೈರು ಕುಯ್ದರೆ ಬೇರೆಯದು ಹಾಕುತ್ತಾನೆ, ಹುಡುಗಿಯನ್ನು ಕೂರಿಸಿಕೊಂಡೇ ಹೋಗುತ್ತಾನೆ. ಗ್ಯಾರೇಜಿಗೆ ಹೋಗಿ ಗಾಡಿಯ ಮುಂದೆ ನಿಂತು ಅದನ್ನು ಮೇಲಿನಿಂದ ಕೆಳಗೆ ನೋಡಿದಳು, ಕೊಕ್ಕೆಗೆ ಬಂದ ಪ್ರಾಣಿಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನೋಡುವ ಹಾಗೆ.

ಹುಡುಗಿ ಕೂರುವ ಸೀಟಿನ ಅಡಿಗೆ ಕೈ ಹಾಕಿ ಕೊಂಡಿ ಎಳೆದಳು. ಸೀಟು ಎದ್ದು ಬಂತು. ಪಕ್ಕದ್ದನ್ನೂ ಎಳೆದಳು.

ಎರಡನ್ನೂ ಹಿತ್ತಿಲಿಗೆ ಎಳೆದುಕೊಂಡು ಹೋದಳು. ಮೂಳೆ ಬಿಡಿಸುವ ಚಾಕು ತೆಳ್ಳಗೆ, ಬೆಳಿಗ್ಗೆ ತಾನೇ ಮಸೆದದ್ದು. ಸೀಟಿನ ನೆತ್ತಿಯಿಂದ ಬುಡದವರೆಗೆ ಒಂದೇ ಗೀರು. ಹೊದಿಕೆ ಚರ್ಮದ ಹಾಗೇ ಬಿಟ್ಟುಕೊಂಡಿತು. ಒಳಗಿನ ಸ್ಪಂಜನ್ನು ಹಿಡಿ ಹಿಡಿಯಾಗಿ ಕಿತ್ತು ಕಸ ಸುಡುವ ಡ್ರಮ್ಮಿಗೆ ತುಂಬಿದಳು, ಮೇಲೆ ಡೀಸೆಲ್ ಸುರಿದಳು, ಕಡ್ಡಿ ಗೀರಿದಳು. ಕೊಡಲಿ ತಂದು ಸೀಟಿನ ಪ್ಲಾಸ್ಟಿಕ್ಕಿನ ಬೆನ್ನು ಒಡೆದಳು. ಮೊದಲ ಪೆಟ್ಟಿಗೆ ಸೀಳಿತು. ಎರಡನೆಯದಕ್ಕೆ ಮುರಿಯಿತು. ಮೂರನೆಯ ಪೆಟ್ಟು ಬೇಕಿರಲಿಲ್ಲ, ಆದರೂ ಹಾಕಿದಳು. ಆಮೇಲೆ ಹಾಕುತ್ತಲೇ ಹೋದಳು. ಅವಳ ಗಂಟಲಿನಿಂದ ಬರುತ್ತಿದ್ದ ಸದ್ದು ಅವಳಿಗೇ ಗುರುತು ಸಿಗಲಿಲ್ಲ. ಗ್ಯಾರೇಜಿಗೆ ವಾಪಸು ಹೋಗಿ, ಹಿಂದಿನ ಬೆಲ್ಟುಗಳನ್ನು ಬುಡದಲ್ಲೇ ಕುಯ್ದು ತಂದು ಬೆಂಕಿಗೆ ಹಾಕಿದಳು. ಸ್ಪೀಕರುಗಳನ್ನು ಅಲ್ಲಿಯೇ ಕೊಡಲಿಯ ಹಿಂಬದಿಯಿಂದ ಜಜ್ಜಿದಳು.

ಕಪ್ಪು ಹೊಗೆ ದಾರಿಯವರೆಗೂ ಕಾಣಿಸಿರಬೇಕು. ಪಿಕಪ್ಪು ಧೂಳೆಬ್ಬಿಸಿಕೊಂಡು ಬಂತು.

ಡೆಲ್ ಗ್ಯಾರೇಜಿನೊಳಗೆ ಕಾಲಿಟ್ಟು, ಗಾಡಿಯ ಹಿಂಭಾಗದಲ್ಲಿ ಖಾಲಿ ಕಬ್ಬಿಣ ನೋಡಿ, ಒಂದು ಗಳಿಗೆ ಅರ್ಥವಾಗದೆ ನಿಂತ. ನೆಲ್ಡಾ ಮೇಜಿನ ಹತ್ತಿರ, ಚಾಕು ಎಡಗೈಯಲ್ಲಿ ಹಿಡಿದು ನಿಂತಿದ್ದಳು.

"ಈಗ ಎರಡು ಸೀಟು" ಅಂದಳು. "ನೀನು, ನಿನ್ನ ತಮ್ಮ. ಹೋಗ್ ಬನ್ನಿ."

ಡೆಲ್‌ನ ಮೊದಲ ಏಟು ಅವಳ ಕಿವಿಯ ಮೇಲೆ ಬಿತ್ತು. ಗೋಡೆಗೆ ಬಡಿದಳು. ಎರಡನೆಯದು ಕಣ್ಣಿನ ಕೆಳಗೆ. ರೂಲನ್ ಬಾಗಿಲಲ್ಲಿ ಐಸಿನ ಚೀಲ ಹಿಡಿದು, "ಡೆಲ್, ಡೆಲ್, ಸಾಕು ಬಿಡೋ" ಎನ್ನುತ್ತಿದ್ದ, ಒಂದು ಹೆಜ್ಜೆ ಮುಂದಿಡದೆ. ಡೆಲ್ ಅವಳ ಬಲಗೈಯ ಮಣಿಕಟ್ಟು ಹಿಡಿದು ಗಾಡಿಯ ಬಾಗಿಲ ಸಂದಿಯ ಕಡೆಗೆ ಎಳೆದ. ಇನ್ನೊಂದು ಕೈಯಿಂದ ಬಾಗಿಲು ಬೀಸಲು ಹಿಂದಕ್ಕೆ ತೆಗೆದ. ಹೇಳಿದ್ದನ್ನು ಮಾಡುವವನಿದ್ದ.

ನೆಲ್ಡಾ ಕುಯ್ದಳು. ಕಣ್ಣು ಮುಚ್ಚಿ ಬೀಸಲಿಲ್ಲ. ತನ್ನ ಮಣಿಕಟ್ಟು ಹಿಡಿದ ಆ ತೋಳನ್ನು ನೋಡಿಕೊಂಡೇ, ಮೊಣಕೈಯಿಂದ ಮಣಿಕಟ್ಟಿನ ಕಡೆಗೆ, ಮೂಳೆ ತಾಗುವವರೆಗೆ ಇಳಿಸಿ ಎಳೆದಳು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

ಡೆಲ್ ತನ್ನ ತೋಳಿನ ಒಳಗನ್ನು ನೋಡಿದ. ನೋಡಿ ಹಾಗೇ ನೆಲದ ಮೇಲೆ ಕುಸಿದು ಕೂತ. ಅವನಿಂದ ಬಂದ ಕೂಗು ಮಗುವಿನದರಷ್ಟು ತೆಳ್ಳಗಿತ್ತು. ರಕ್ತ ಸಿಮೆಂಟಿನ ಮೇಲೆ, ಜಿಂಕೆಗಳಿಗೆಂದು ಮಾಡಿದ್ದ ಮೋರಿಯ ಕಡೆಗೆ ಹರಿಯಿತು. ಐಸಿನ ಚೀಲ ರೂಲನ್‌ನ ಕೈಯಿಂದ ಬಿದ್ದು ಒಡೆಯಿತು.

"ನಿನ್ನ ಬೆಲ್ಟ್ ಬಿಚ್ಚು" ಎಂದಳು ನೆಲ್ಡಾ ಮೈದುನನಿಗೆ. "ಮೊಣಕೈಯಿಂದ ಮೇಲೆ ಕಟ್ಟು. ಬಿಗೀ. ಇನ್ನೂ ಬಿಗೀ."

ರೂಲನ್ ಕಟ್ಟಿದ. ಕಟ್ಟಿ ಮುಗಿಸಿ ತಲೆ ಎತ್ತದೆಯೇ, "ಚಾಕು ಮಸೆಯೋವಾಗ ಜಾರ್ತು ಅಂತ ಹೇಳೋಣ" ಅಂದ. "ಆಸ್ಪತ್ರೇಲಿ. ಅವನೇ ಕುಯ್ಕೊಂಡ ಅಂತ. ಯಾರಿಗೂ ತೊಂದ್ರೆ ಇಲ್ಲ ನೆಲ್ಡಾ. ನಿನಗೂ ಇಲ್ಲ."

ಡೆಲ್ ಹಲ್ಲು ಕಚ್ಚಿಕೊಂಡೇ ತಲೆಯಾಡಿಸಿದ. ಹೆಂಡತಿಯ ಕೈಯಲ್ಲಿ ಕುಯ್ಸಿಕೊಂಡೆ ಅನ್ನುವುದಕ್ಕಿಂತ ಅವನಿಗೂ ಅದೇ ವಾಸಿ.

ನೆಲ್ಡಾ ಗೋಡೆಯ ಫೋನಿನಿಂದ ಶೆರಿಫ್ ಕಚೇರಿಗೆ ಕರೆ ಮಾಡಿದಳು. ಹೆಸರು ಹೇಳಿದಳು, ಮನೆ ಎಲ್ಲಿ ಹೇಳಿದಳು. "ನನ್ನ ಗಂಡನ ತೋಳು ಕುಯ್ದಿದೀನಿ. ಹೌದು, ನಾನೇ. ಹೊಡೀತಿದ್ದ. ಇಲ್ಲ, ಇವತ್ತೊಂದೇ ದಿನ ಅಲ್ಲ. ಬೆರಳು ಹೋಗಿದ್ದೂ ಅವನು ಹೊಡೀತಿದ್ದಾಗಲೇ. ಆಂಬುಲೆನ್ಸ್ ಕಳ್ಸಿ, ರಕ್ತ ಜಾಸ್ತಿ ಇದೆ." ಫೋನಿನ ಆ ಕಡೆಯ ಹುಡುಗಿ ಏನೋ ಕೇಳಿದಳು. "ಇಲ್ಲಮ್ಮ, ನಾನು ಬೀಳ್ಲಿಲ್ಲ" ಎಂದಳು ನೆಲ್ಡಾ. "ನಾನು ಯಾವತ್ತೂ ಬಿದ್ದಿಲ್ಲ."

ವೃದ್ಧಾಶ್ರಮಕ್ಕೂ ಫೋನ್ ಮಾಡಿ, ಶಾನಾಳನ್ನು ಕೆಲಸದಿಂದ ಬಿಡಿಸಿ ಈಗಲೇ ಕಳಿಸಿ ಎಂದಳು. ಚಾಕುವನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

ಮನೆಯೊಳಗಿನ ಬಾಗಿಲಲ್ಲಿ ಬ್ರಿನ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಂತ ತಿಳಿಯಲಿಲ್ಲ. ತಾತನನ್ನು ನೋಡಿದಳು, ಅಜ್ಜಿಯ ಊದುತ್ತಿದ್ದ ಕಣ್ಣು ನೋಡಿದಳು, ಆಮೇಲೆ ಗಾಡಿ.

"ನನ್ ಸೀಟೆಲ್ಲಿ?"

"ಸುಟ್ಟೆ."

"ಯಾಕೆ?"

"ನೀನು ಅದರಿಂದ ಹಾರಿ ಹೋಗ್ತಿದ್ದೆ. ಆಲೂಗಡ್ಡೆ ಹಾಗೆ ಒಡೆದು ಹೋಗ್ತಿದ್ದೆ."

ಹುಡುಗಿಯ ಮುಖ ಕಿವುಚಿಕೊಂಡಿತು. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ನೆಲ್ಡಾ ಅವಳನ್ನು ಎತ್ತಿಕೊಂಡು ಮುಂಬಾಗಿಲ ಮೆಟ್ಟಿಲಿಗೆ ಬಂದಳು. ಎತ್ತಿಕೊಂಡಿದ್ದಷ್ಟೂ ಹೊತ್ತು ಹುಡುಗಿ ಕಾಲಿನಿಂದ ಒದೆಯುತ್ತಿದ್ದಳು, ಗುದ್ದುತ್ತಿದ್ದಳು. ಒಂದು ಗುದ್ದು ಕಣ್ಣಿನ ಕೆಳಗಿನ ಗಾಯಕ್ಕೇ ತಾಗಿತು. ನೆಲ್ಡಾ ಬಿಡಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಮೆಟ್ಟಿಲ ಮೇಲೆ ಇಳಿಸಿದ ಮೇಲೆ ಹುಡುಗಿ ಸರಿದು ಆ ತುದಿಗೆ ಹೋಗಿ ಕೂತಳು.

ಒಳಗಿನಿಂದ ರೂಲನ್‌ನ ದನಿ ಬಂತು. "ನೆಲ್ಡಾ, ನೆಲ ಒರೆಸೋ ಬಟ್ಟೆ ಎಲ್ಲಿಟ್ಟಿದೀಯಾ?"

"ಹುಡುಕು" ಎಂದಳು ನೆಲ್ಡಾ.

ಕಪಾಟು ತೆಗೆದು ಹಾಕಿ ಮಾಡುವ ಸದ್ದು ಕೇಳುತ್ತಲೇ ಇತ್ತು. ದೂರದಲ್ಲಿ ಸೈರನ್ ಶುರುವಾಯಿತು.

"ನಿನ್ ಕಂಡ್ರೆ ನಂಗೆ ಆಗಲ್ಲ" ಅಂದಳು ಬ್ರಿನ್ಲಿ, ಆ ತುದಿಯಿಂದ, ಬಿಕ್ಕುತ್ತ. "ನಾನು ದೊಡ್ಡೋಳಾದ್ರೂ ನಿನ್ ಜೊತೆ ಮಾತಾಡಲ್ಲ."

"ಆಗ್ಲಿ" ಎಂದಳು ನೆಲ್ಡಾ. "ದೊಡ್ಡೋಳಾಗು ಮೊದ್ಲು."